ಕರಿ ಒಂದರ ಗಾಂಧಾರ: ಹಳೆಯ ಡಿಜಿಟಲ್ ಪಿಯಾನೊವನ್ನು ತಂಬೂರಿಗೆ ಕೂಡಿಸಿದ ಕೆಲಸದ ದಾಖಲೆ

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆಯಿಂದ ಎರಡು ಅಡ್ಡರಸ್ತೆ ದಾಟಿದರೆ ನನ್ನ ಸಂಗೀತ ಗುರುಗಳ ಮನೆ. ಅಲ್ಲಿ ಪ್ರತಿ ಸಂಜೆ ಹದಿನೈದಿಪ್ಪತ್ತು ಮಕ್ಕಳಿಗೆ ವಚನ ಗಾಯನದ ಪಾಠ ನಡೆಯುತ್ತದೆ. ಗುರುಗಳ ತಂದೆಯವರು ಕಂಪನಿ ನಾಟಕಗಳ ಪೇಟಿ ಮಾಸ್ತರರಾಗಿದ್ದವರು; ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯಂಥ ಮಂಡಳಿಗಳನ್ನು ಕಂಡ ಈ ಊರಿನಲ್ಲಿ ಹಾರ್ಮೋನಿಯಂ ನುಡಿಸುವವರ ಮನೆತನಗಳು ಇನ್ನೂ ಕೆಲವು ಉಳಿದಿವೆ. ಗುರುಗಳು ತಾವೂ ಐವತ್ತು ವರ್ಷ ಪೇಟಿ ನುಡಿಸಿದರು. ಕಳೆದ ವರ್ಷದಿಂದ ಎಡ ಭುಜದ ನೋವು ಹೆಚ್ಚಾಗಿ ತಿದಿ ಒತ್ತುವುದು ಅವರಿಗೆ ಸಾಧ್ಯವಾಗುತ್ತಿಲ್ಲ. ಅದನ್ನು ಕೇಳಿದ ಹಳೆಯ ಶಿಷ್ಯರೊಬ್ಬರು ತಮ್ಮ ಮನೆಯಲ್ಲಿ ಬಳಕೆಯಿಲ್ಲದೆ ನಿಂತಿದ್ದ, ಸುಮಾರು ಇಪ್ಪತ್ತು ವರ್ಷ ಹಳೆಯದಾದ 88 ಮನೆಗಳ (ಕೀಗಳ) ಡಿಜಿಟಲ್ ಪಿಯಾನೊ ಒಂದನ್ನು ಬೆಂಗಳೂರಿನಿಂದ ತಂದುಕೊಟ್ಟರು. ತಿದಿ ಬೇಕಿಲ್ಲದ, ಬಲಗೈ ಒಂದರಿಂದಲೇ ನುಡಿಸಬಹುದಾದ ವಾದ್ಯ ಎಂದು ಎಲ್ಲರಿಗೂ ಸಂತೋಷವಾಯಿತು.

ಮೊದಲ ಸಂಜೆಯೇ ತೊಡಕು ಕಾಣಿಸಿಕೊಂಡಿತು. ಗುರುಗಳ ಷಡ್ಜ ಕರಿ ಒಂದು, ಅಂದರೆ ಸಿ ಶಾರ್ಪ್. ಕರ್ನಾಟಕ ಶೈಲಿಯವರು ಒಂದೂವರೆ ಎನ್ನುವ ಶ್ರುತಿ. ಮಿರಜಿನ ತಂಬೂರಿಯನ್ನು ಪಿಯಾನೊದ ಆ ಮನೆಗೆ ಸೇರಿಸಿ ಮೀಟುತ್ತಾ, ಆರ್ಗನ್ ಧ್ವನಿಯಲ್ಲಿ ಭೂಪಾಲಿ ರಾಗದ ಆರೋಹ ಒತ್ತಿದರು. ಷಡ್ಜ, ರಿಷಭ ಸರಿಯೆನಿಸಿದವು. ಗಾಂಧಾರದ ಮೇಲೆ ಬೆರಳು ನಿಲ್ಲಿಸಿ ಕಣ್ಣು ಮುಚ್ಚಿ ಕೇಳಿದರು. "ಇದು ಮೇಲೆ ನಿಂತೈತೆ ನೋಡಪ್ಪ, ತಂಬೂರಿ ಇದನ್ನ ಒಳಗೆ ಕರ್ಕೊಳ್ತಿಲ್ಲ," ಎಂದರು. ಅವರು ಹೇಳಿದ್ದು ನನಗೂ ಕೇಳುತ್ತಿತ್ತು; ಸ್ವರದೊಳಗೆ ಸೆಕೆಂಡಿಗೆ ಐದಾರು ಬಾರಿ ನಡುಕವಿತ್ತು. ನಾನು ಎಲೆಕ್ಟ್ರಾನಿಕ್ಸ್ ಕೆಲಸ ಬಲ್ಲವನು, ಅವರಲ್ಲಿ ಹನ್ನೆರಡು ವರ್ಷ ಹಾಡು ಕಲಿತವನು. ಈ ವಾದ್ಯವನ್ನು ಅವರ ತಂಬೂರಿಗೆ ಕೂಡಿಸಿ ಕೊಡುತ್ತೇನೆ ಎಂದು ಅಂದೇ ಒಪ್ಪಿಕೊಂಡೆ. ಅದಕ್ಕೆ ಐದು ವಾರಾಂತ್ಯಗಳು ಹಿಡಿದವು.

ಮೊದಲ ವಾರ: ಬಿಚ್ಚಿ ಸರಿಪಡಿಸಿದ್ದು

ಶ್ರುತಿಯ ಕೆಲಸಕ್ಕೆ ಕೈ ಹಾಕುವ ಮೊದಲು ವಾದ್ಯ ನೆಟ್ಟಗಿರಬೇಕಾಗಿತ್ತು. ಎರಡು ಮನೆಗಳು ಒತ್ತಿದರೂ ಧ್ವನಿ ಹೊರಡಿಸುತ್ತಿರಲಿಲ್ಲ. ಹಿಂಬದಿಯ ಹಲಗೆ ತೆಗೆದು, ಮನೆಗಳ ಕೆಳಗಿನ ರಬ್ಬರ್ ಪಟ್ಟಿಯನ್ನು ಎತ್ತಿ, ಅದರ ಕಪ್ಪು ಕಾರ್ಬನ್ ಗುಂಡಿಗಳನ್ನೂ ಬೋರ್ಡಿನ ಮೇಲಿನ ಸಂಪರ್ಕಗಳನ್ನೂ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಹತ್ತಿಯಿಂದ ಒರೆಸಿದ ಮೇಲೆ ಅವು ಸರಿಹೋದವು.

ಇನ್ನೊಂದು ದೋಷ ಶ್ರುತಿಗೇ ಸಂಬಂಧಿಸಿದ್ದು. ಈ ವಾದ್ಯದಲ್ಲಿ ಸೆಟ್ಟಿಂಗುಗಳನ್ನು ಉಳಿಸಿಕೊಳ್ಳುವ ಬ್ಯಾಕಪ್ ಎಂಬ ಆಯ್ಕೆಯಿದೆ. ಅದನ್ನು ಚಾಲೂ ಮಾಡಿದ್ದರೂ ಸ್ವಿಚ್ ಆರಿಸಿ ಅರ್ಧ ಗಂಟೆ ಬಿಟ್ಟು ಹಾಕಿದರೆ ಇಡೀ ವಾದ್ಯದ ಶ್ರುತಿಯನ್ನು ಏರಿಳಿಸುವ ಮಾಸ್ಟರ್ ಟ್ಯೂನಿಂಗ್ 440 ಹರ್ಟ್ಸ್‌ಗೂ ಉಳಿದೆಲ್ಲವೂ ಕಾರ್ಖಾನೆಯ ಮೂಲ ಸ್ಥಿತಿಗೂ ಮರಳುತ್ತಿದ್ದವು. ಮುಖ್ಯ ಬೋರ್ಡಿನಲ್ಲಿ ನಾಣ್ಯದ ಆಕಾರದ ಬ್ಯಾಟರಿ ಇರಬಹುದೆಂದು ಹುಡುಕಿದೆ, ಅಲ್ಲಿದ್ದದ್ದು 5.5 ವೋಲ್ಟ್, 0.1 ಫ್ಯಾರಡ್‌ನ ಸೂಪರ್ ಕೆಪಾಸಿಟರ್, ಬ್ಯಾಟರಿಯಂತೆ ಕೆಲಕಾಲ ವಿದ್ಯುತ್ ಹಿಡಿದಿಡುವ ಭಾಗ. ವಾದ್ಯವನ್ನು ಒಂದು ಗಂಟೆ ಚಾಲೂ ಇಟ್ಟು, ಆರಿಸಿ, ಮೀಟರ್ ಹಿಡಿದರೆ ಹತ್ತೇ ನಿಮಿಷದಲ್ಲಿ ಅದರ ವೋಲ್ಟೇಜು 2ಕ್ಕಿಂತ ಕೆಳಗೆ ಇಳಿಯಿತು. ವಯಸ್ಸಾದ ಕೆಪಾಸಿಟರುಗಳಲ್ಲಿ ಒಳಗಿನ ಸೋರಿಕೆ ಹೆಚ್ಚುವುದರಿಂದ ಹೀಗಾಗುತ್ತದೆ. ಹೊಸದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಿಂದ ತರಿಸಿ, ಧನ, ಋಣ ತುದಿಗಳನ್ನು ಎರಡು ಸಲ ನೋಡಿಕೊಂಡು ಬೆಸುಗೆ ಹಾಕಿದೆ. ಮರುದಿನ ಸಂಜೆ ನೋಡಿದಾಗಲೂ ಅದರಲ್ಲಿ 4 ವೋಲ್ಟಿಗಿಂತ ಹೆಚ್ಚು ಉಳಿದಿತ್ತು, ಸೆಟ್ಟಿಂಗುಗಳೂ ಇಟ್ಟಂತೆಯೇ ಇದ್ದವು.

ಎರಡನೆಯ ವಾರ: ಪಟ್ಟಿಯಲ್ಲಿನ ಏಳು ಹೆಸರುಗಳು

ಈ ವಾದ್ಯದ ಮುಖದಲ್ಲಿ ಇರುವುದು ಮೂರಂಕಿಯ ಕೆಂಪು ಪರದೆಯಷ್ಟೆ. ಫಂಕ್ಷನ್ ಗುಂಡಿ ಒತ್ತಿ ಸ್ಕೇಲ್ ಎಂಬಲ್ಲಿಗೆ ಹೋದರೆ 1ರಿಂದ 7ರವರೆಗೆ ಅಂಕೆಗಳು ಬರುತ್ತವೆ. ಕೈಪಿಡಿಯಲ್ಲಿ ಅವುಗಳ ಹೆಸರುಗಳಿವೆ: ಈಕ್ವಲ್, ಪ್ಯೂರ್ ಮೇಜರ್, ಪ್ಯೂರ್ ಮೈನರ್, ಪೈಥಾಗೊರಿಯನ್, ಮೀನ್‌ಟೋನ್, ವರ್ಕ್‌ಮೈಸ್ಟರ್, ಕಿರ್ನ್‌ಬರ್ಗರ್. ಇವನ್ನು ಟೆಂಪರಮೆಂಟ್ ಎನ್ನುತ್ತಾರೆ, ಅಂದರೆ ಒಂದು ಸ್ಥಾಯಿಯೊಳಗಿನ ಹನ್ನೆರಡು ಮನೆಗಳ ನಡುವಿನ ಅಂತರವನ್ನು ಹಂಚುವ ಕ್ರಮ. ಹಂಚುವ ಅಗತ್ಯವೇಕೆ ಬಂತೆಂಬುದನ್ನು ಗುರುಗಳಿಗೆ ನಾನು ತಂಬೂರಿಯ ಭಾಷೆಯಲ್ಲೇ ಹೇಳಿದೆ. ಷಡ್ಜದಿಂದ ಶುದ್ಧ ಪಂಚಮಕ್ಕೆ, ಆ ಪಂಚಮವನ್ನೇ ಷಡ್ಜ ಮಾಡಿಕೊಂಡು ಅದರ ಪಂಚಮಕ್ಕೆ, ಹೀಗೆ ಹನ್ನೆರಡು ಹೆಜ್ಜೆ ಏರಿದರೆ ಏಳು ಸ್ಥಾಯಿ ಮೇಲಿನ ಷಡ್ಜಕ್ಕೆ ತಲುಪಬೇಕು. ಆದರೆ ತಲುಪುವುದು ಅದಕ್ಕಿಂತ ತುಸು ಮೇಲೆ. 3:2 ಎಂಬ ಅನುಪಾತವನ್ನು ಹನ್ನೆರಡು ಸಲ ಗುಣಿಸಿದರೆ 129.75, ಎರಡನ್ನು ಏಳು ಸಲ ಗುಣಿಸಿದರೆ 128. ಒಂದು ಸ್ಥಾಯಿಯನ್ನು 1200 ಸೆಂಟ್‌ಗಳಾಗಿ ಭಾಗಿಸುವ ಅಳತೆಯಲ್ಲಿ ಈ ಹೆಚ್ಚುವರಿ 23.46 ಸೆಂಟ್. ಮನೆಗಳು ಹನ್ನೆರಡೇ ಇರುವ ವಾದ್ಯದಲ್ಲಿ ಈ ಹೆಚ್ಚುವರಿಯನ್ನು ಎಲ್ಲೋ ಒಂದು ಕಡೆ ನುಂಗಿಸಲೇಬೇಕು. ಯಾವ ಪಂಚಮಗಳನ್ನು ಎಷ್ಟು ಕುಗ್ಗಿಸಿ ನುಂಗಿಸಬೇಕು ಎಂಬ ವಿಷಯದಲ್ಲೇ ಆ ಏಳು ಹೆಸರುಗಳ ನಡುವೆ ಭೇದವಿರುವುದು.

ಈಕ್ವಲ್‌ನಲ್ಲಿ ಹನ್ನೆರಡು ಪಂಚಮಗಳೂ ಸುಮಾರು 2 ಸೆಂಟ್‌ನಷ್ಟು ಕುಗ್ಗುತ್ತವೆ, ಪ್ರತಿ ಮನೆಯೂ ಸರಿಯಾಗಿ 100 ಸೆಂಟ್ ದೂರದಲ್ಲಿರುತ್ತದೆ. ಇದರ ಗಣಿತವನ್ನು ಚೀನಾದ ಝು ಝೈಯು 1584ರಲ್ಲೇ ಮಾಡಿ ಮುಗಿಸಿದ್ದ. ಮೀನ್‌ಟೋನ್ ಹದಿನಾರನೆಯ ಶತಮಾನದ ಇಟಲಿಯದು. 1523ರಲ್ಲಿ ಪಿಯೆತ್ರೊ ಆರೊನ್ ವಿವರಿಸಿದ ಕ್ರಮದಲ್ಲಿ ಗಾಂಧಾರಗಳು ಇಂಪಾಗಿರಲಿ ಎಂದು ಪಂಚಮಗಳನ್ನು ಐದೂವರೆ ಸೆಂಟ್‌ನಷ್ಟು ಕುಗ್ಗಿಸುತ್ತಾರೆ. ಜರ್ಮನಿಯ ಆರ್ಗನ್ ವಾದಕ ಆಂದ್ರೆಯಾಸ್ ವರ್ಕ್‌ಮೈಸ್ಟರ್ 1691ರಲ್ಲಿ ನಾಲ್ಕೇ ಪಂಚಮಗಳನ್ನು ಕುಗ್ಗಿಸಿ ಉಳಿದ ಎಂಟನ್ನು ಶುದ್ಧವಾಗಿ ಬಿಡುವ ಹಂಚಿಕೆಯನ್ನು ಕೊಟ್ಟ. ಬಾಖ್‌ನ ಶಿಷ್ಯ ಕಿರ್ನ್‌ಬರ್ಗರ್‌ನ ಮೂರನೆಯ ಕ್ರಮ 1779ರದ್ದು. ಈ ಯೂರೋಪಿನವರೆಲ್ಲ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವ, ಶ್ರುತಿಯಿಂದ ಶ್ರುತಿಗೆ ಸರಿಯುವ ಸಂಗೀತಕ್ಕಾಗಿ ಲೆಕ್ಕ ಹಾಕಿದವರು. ನಮ್ಮ ಅಗತ್ಯ ಬೇರೆಯದು. ಇಲ್ಲಿ ಷಡ್ಜವೂ ಪಂಚಮವೂ ತಂಬೂರಿಯಲ್ಲಿ ಸದಾ ನುಡಿಯುತ್ತಿರುತ್ತವೆ, ಪ್ರತಿ ಸ್ವರವೂ ಅವುಗಳ ಪಕ್ಕದಲ್ಲಿ ನಿಂತು ಉತ್ತರ ಕೊಡಬೇಕಾಗುತ್ತದೆ.

ಅಳೆಯುವಾಗ ಪಿಯಾನೊ ಧ್ವನಿಯನ್ನು ಬಿಟ್ಟು ಆರ್ಗನ್ ಧ್ವನಿಯನ್ನೇ ಇಟ್ಟುಕೊಂಡೆ. ನಿಜವಾದ ಪಿಯಾನೊದ ಉಕ್ಕಿನ ತಂತಿಗಳು ಗಡುಸಾಗಿರುವುದರಿಂದ, ಮೂಲ ಸ್ವರದ ಜೊತೆಗೇ ಏಳುವ ಮೇಲಿನ ಸ್ವರಗಳಾದ ಅವುಗಳ ಹಾರ್ಮೋನಿಕ್‌ಗಳು ತುಸು ಮೇಲಕ್ಕೆ ಸರಿದಿರುತ್ತವೆ, ಅದಕ್ಕೆ ಹೊಂದುವಂತೆ ಮೇಲಿನ ಸ್ಥಾಯಿಗಳನ್ನು ಹಿಗ್ಗಿಸಿ ಶ್ರುತಿ ಮಾಡಿರುತ್ತಾರೆ. ಡಿಜಿಟಲ್ ವಾದ್ಯವೂ ಪಿಯಾನೊ ಧ್ವನಿಯಲ್ಲಿ ಅದನ್ನೇ ಅನುಕರಿಸುತ್ತದೆ. ಆ ಧ್ವನಿಯಲ್ಲಿ ಒಂದೆರಡು ಸೆಂಟ್‌ನ ಭೇದವನ್ನು ಅಳೆಯಹೊರಟರೆ ತಪ್ಪು ಲೆಕ್ಕ ಬರುತ್ತದೆ.

ಗುರುಗಳು ಕೇಳಿದ ನಡುಕಕ್ಕೆ ಲೆಕ್ಕ ಸಿಕ್ಕಿದ್ದು ಹೀಗೆ. ತಂಬೂರಿಯ ಷಡ್ಜದ ತಂತಿ 138.6 ಹರ್ಟ್ಸ್‌ನಲ್ಲಿದ್ದರೆ ಅದರ ಐದನೆಯ ಹಾರ್ಮೋನಿಕ್ 693. ಜವಾರಿ, ಅಂದರೆ ತಂತಿ ಕುದುರೆಗೆ ತಾಗಿ ಏಳುವ ಝೇಂಕಾರ, ಚೆನ್ನಾಗಿರುವ ತಂಬೂರಿಯಲ್ಲಿ ಯಾರೂ ಮೀಟದಿದ್ದರೂ ತಾನಾಗಿ ಕೇಳುವ ಸ್ವಯಂಭೂ ಗಾಂಧಾರ ಇದೇ. ಈಕ್ವಲ್‌ನಲ್ಲಿ ಪಿಯಾನೊದ ಎಫ್ ಮನೆಯಿಂದ ಅದೇ ಜಾಗದಲ್ಲಿ ಹೊರಡುವುದು 698.5 ಹರ್ಟ್ಸ್. ಎರಡರ ವ್ಯತ್ಯಾಸ ಐದೂವರೆ, ಆ ವ್ಯತ್ಯಾಸದಷ್ಟೇ ಸಲ ಧ್ವನಿ ಏರಿಳಿದು ನಡುಗುತ್ತದೆ. ಸೆಕೆಂಡಿಗೆ ಐದೂವರೆ ಬಡಿತ. ಶುದ್ಧ ಗಾಂಧಾರ ಷಡ್ಜದಿಂದ 386.3 ಸೆಂಟ್ ದೂರದಲ್ಲಿದ್ದರೆ ಪಿಯಾನೊದ ಗಾಂಧಾರ 400ರಲ್ಲಿ ನಿಂತಿದೆ. ಪಂಚಮದಲ್ಲಿ ಮಾತ್ರ ಎರಡು ಸೆಕೆಂಡಿಗೊಂದು ಬಡಿತದಷ್ಟೇ ಭೇದವಿರುವುದರಿಂದ ಅದು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರವಿಟ್ಟಾಗ ಹೇಳಿದ ಆಕ್ಷೇಪಗಳಲ್ಲಿ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ ಎಂಬುದರ ಜೊತೆಗೆ, ಈ ಸಮಪಾಲಿನ ಶ್ರುತಿಯೂ ಒಂದಾಗಿತ್ತು.

ಸರಿ, ಹಳೆಯ ಕ್ರಮಗಳಲ್ಲಿ ಗಾಂಧಾರ ಇಂಪಾಗಿರುತ್ತದಲ್ಲ ಎಂದು 6ನ್ನು, ಅಂದರೆ ವರ್ಕ್‌ಮೈಸ್ಟರ್ ಕ್ರಮವನ್ನು, ಒತ್ತಿದೆ. ಬಡಿತ ಕಡಿಮೆಯಾಗುವ ಬದಲು ಸೆಕೆಂಡಿಗೆ ಎಂಟು ಒಂಬತ್ತಕ್ಕೆ ಏರಿತು. 5ನ್ನು, ಮೀನ್‌ಟೋನನ್ನು, ಒತ್ತಿದರೆ ಗಾಂಧಾರ ಗಾಂಧಾರವಾಗಿಯೇ ಉಳಿಯಲಿಲ್ಲ. ಮಕ್ಕಳು ಕಿವಿ ಮುಚ್ಚಿಕೊಂಡರು. ಅರ್ಧ ದಿನ ನಾನು ವಾದ್ಯವನ್ನೇ ಅನುಮಾನಿಸಿದೆ, ಬೋರ್ಡನ್ನು ಮತ್ತೆ ಬಿಚ್ಚಬೇಕೆಂದೂ ಯೋಚಿಸಿದೆ. ತಪ್ಪು ಇದ್ದದ್ದು ಸ್ಕೇಲ್‌ನ ಪಕ್ಕದಲ್ಲಿಯೇ ಇರುವ, ನಾನು ಮುಟ್ಟದೆ ಬಿಟ್ಟಿದ್ದ ಬೇಸ್ ನೋಟ್ ಎಂಬ ಇನ್ನೊಂದು ಸೆಟ್ಟಿಂಗಿನಲ್ಲಿ. ಅದು ಸಿ ಮೇಲೆ ಇತ್ತು. ಈಕ್ವಲ್‌ನಲ್ಲಿ ಎಲ್ಲ ಮನೆಗಳೂ ಒಂದೇ ಆದ್ದರಿಂದ ಬೇಸ್ ನೋಟ್‌ಗೆ ಅರ್ಥವೇ ಇಲ್ಲ; ಉಳಿದ ಆರು ಕ್ರಮಗಳಲ್ಲಿ ಅದೇ ಎಲ್ಲವನ್ನೂ ನಿರ್ಧರಿಸುತ್ತದೆ. ಸಿ ಆಧಾರದ ವರ್ಕ್‌ಮೈಸ್ಟರ್‌ನಲ್ಲಿ ಸಿ ಶಾರ್ಪ್‌ನಿಂದ ಎಫ್‌ಗೆ 407.8 ಸೆಂಟ್, ಈಕ್ವಲ್‌ಗಿಂತಲೂ ಅಗಲ. ಸಿ ಆಧಾರದ ಮೀನ್‌ಟೋನ್‌ನಲ್ಲಿ ಅದೇ ಅಂತರ 427 ಸೆಂಟ್, ಅಂದರೆ ಸೆಕೆಂಡಿಗೆ ಹದಿನಾರಕ್ಕೂ ಹೆಚ್ಚು ಬಡಿತ. ಆ ಕ್ರಮವನ್ನು ಮಾಡಿದವರು ಆ ಮೂಲೆಯಲ್ಲಿ ಯಾರೂ ಷಡ್ಜ ಇಡುವುದಿಲ್ಲ ಎಂದುಕೊಂಡೇ ಕಸವನ್ನೆಲ್ಲ ಅಲ್ಲಿಗೆ ಗುಡಿಸಿದ್ದರು. ನಮ್ಮ ಹೆಣ್ಣುಮಕ್ಕಳು ಹಾಡುವ ಕರಿ ನಾಲ್ಕು, ಅಂದರೆ ಜಿ ಶಾರ್ಪ್, ಇನ್ನೂ ಕೆಟ್ಟ ಜಾಗ: ಅದರ ಪಂಚಮ ಶುದ್ಧವಾದದ್ದಕ್ಕಿಂತ 36 ಸೆಂಟ್ ಮೇಲಿರುತ್ತದೆ. ಊಳಿಡುವ ಆ ಪಂಚಮವನ್ನು ಯೂರೋಪಿನವರು ತೋಳ ಎಂದೇ ಕರೆದರು.

ಬೇಸ್ ನೋಟನ್ನು ಸಿ ಶಾರ್ಪ್‌ಗೆ ತಂದು ಮತ್ತೆ ಮೊದಲಿನಿಂದ ಕೇಳಿದೆವು. ವರ್ಕ್‌ಮೈಸ್ಟರ್‌ನ ಗಾಂಧಾರ ಸೆಕೆಂಡಿಗೆ ಒಂದೂವರೆ ಬಡಿತಕ್ಕೆ ಇಳಿಯಿತು. ಮೀನ್‌ಟೋನ್, ಕಿರ್ನ್‌ಬರ್ಗರ್ ಎರಡರಲ್ಲೂ ಗಾಂಧಾರ ಪೂರ್ತಿ ನಿಂತಿತು. "ಈಗ ಬಂತು," ಎಂದು ಗುರುಗಳು ನಕ್ಕರು. ಆದರೆ ಪಂಚಮಕ್ಕೆ ಬಂದಾಗ ಮುಖ ಗಂಟಿಕ್ಕಿತು. ಈ ಮೂರೂ ಕ್ರಮಗಳಲ್ಲಿ ಗಾಂಧಾರದ ಇಂಪಿಗೆ ಬೆಲೆ ತೆರುವುದು ಪಂಚಮ. ಅದು ಶುದ್ಧವಾದದ್ದಕ್ಕಿಂತ ಐದಾರು ಸೆಂಟ್ ಕೆಳಗಿದ್ದು, ತಂಬೂರಿಯ ಜೊತೆ ಸೆಕೆಂಡಿಗೆ ಸುಮಾರು 1.3 ಬಾರಿ ತೂಗುತ್ತದೆ. ಹಾರ್ಪ್ಸಿಕಾರ್ಡ್‌ನಲ್ಲಿ (ಪಿಯಾನೊಗಿಂತ ಹಿಂದಿನ ಯೂರೋಪಿನ ತಂತಿವಾದ್ಯ) ತಂತಿಯ ಧ್ವನಿ ಬೇಗ ಇಳಿಯುವುದರಿಂದ ಅದು ನಡೆದೀತು. ತಂಬೂರಿಯ ಮೊದಲ ತಂತಿಯೇ ಪಂಚಮವಾಗಿರುವಲ್ಲಿ ನಡೆಯುವುದಿಲ್ಲ. ಪೈಥಾಗೊರಿಯನ್‌ನಲ್ಲಿ ಪಂಚಮ ಶುದ್ಧ, ಗಾಂಧಾರ ಮತ್ತೆ 407.8.

ಉಳಿದದ್ದು ಪ್ಯೂರ್ ಮೇಜರ್. ಸಿ ಶಾರ್ಪ್ ಆಧಾರದಲ್ಲಿ ಅದರ ಗಾಂಧಾರ, ಪಂಚಮ, ಮಧ್ಯಮ, ನಿಷಾದ ಎಲ್ಲವೂ ತಂಬೂರಿಯೊಳಗೆ ಕರಗಿದವು. ಭೂಪಾಲಿ, ಬಿಲಾವಲ್‌ಗಳಿಗೆ ಇಷ್ಟೇ ಸಾಕಾಗಿತ್ತು. ಭೈರವ ಎತ್ತಿಕೊಂಡಾಗ ಕೋಮಲ ರಿಷಭ ತೀರಾ ಕೆಳಗಿದೆಯೆಂದು ಗುರುಗಳು ಒಪ್ಪಲಿಲ್ಲ. ಅಳೆದರೆ ಅದು ಷಡ್ಜದಿಂದ 92 ಸೆಂಟ್‌ನಲ್ಲಿತ್ತು. ಅವರು ಹಾಡಿ ತೋರಿಸಿ ನಿಲ್ಲಿಸಿದ ಜಾಗ 110ರ ಆಸುಪಾಸಿನಲ್ಲಿತ್ತು. 16:15ರ ರಿಷಭ 111.7 ಸೆಂಟ್ ಎಂಬುದು ಆಮೇಲೆ ನನಗೆ ನೆನಪಾಯಿತು. ಅವರಿಗೆ ಆ ಅನುಪಾತದ ಅಗತ್ಯವಿರಲಿಲ್ಲ. ಕಾರ್ಖಾನೆಯಲ್ಲಿ ತುಂಬಿದ ಏಳು ಕ್ರಮಗಳಲ್ಲಿ ಯಾವುದೂ ಅವರ ಸಂಗೀತಕ್ಕೆ ಇಡಿಯಾಗಿ ಹೊಂದುವುದಿಲ್ಲ ಎಂಬುದು ಆ ಸಂಜೆ ಖಚಿತವಾಯಿತು.

ಮೂರನೆಯ ವಾರ: ಹಳೆಯ ಪೇಟಿಯನ್ನು ಅಳೆದದ್ದು

ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಗುರುಗಳ ಹಾರ್ಮೋನಿಯಂ ಕಡೆಗೆ ನನ್ನ ಗಮನ ಹರಿದದ್ದು ಆಗ. ನಲವತ್ತು ವರ್ಷಗಳ ಹಿಂದೆ ಹುಬ್ಬಳ್ಳಿಯ ಕುಶಲಿಯೊಬ್ಬರು ಗುರುಗಳನ್ನು ಎದುರಿಗೆ ಕೂರಿಸಿಕೊಂಡು, ಅವರ ಕರಿ ಒಂದಕ್ಕೆ ಹೊಂದುವಂತೆ ಅದರ ರೀಡುಗಳನ್ನು ಕೆರೆದು ಕೊಟ್ಟಿದ್ದರಂತೆ. ಹಿತ್ತಾಳೆಯ ರೀಡಿನ ತುದಿಯನ್ನು ಕೆರೆದರೆ ಅದು ಹಗುರವಾಗಿ ಸ್ವರ ಏರುತ್ತದೆ, ಬುಡದ ಹತ್ತಿರ ಕೆರೆದರೆ ಬಲ ತಗ್ಗಿ ಸ್ವರ ಇಳಿಯುತ್ತದೆ. ಹೀಗೆ ಕೈಯಿಂದ ಕೂರಿಸಿದ ಶ್ರುತಿ ಆ ಪೆಟ್ಟಿಗೆಯೊಳಗೆ ಇನ್ನೂ ಇರಬೇಕಾಗಿತ್ತು.

ರೀಡಿನ ಸ್ವರ ಗಾಳಿಯ ಒತ್ತಡ ಹೆಚ್ಚಾದರೆ ತುಸು ಇಳಿಯುತ್ತದೆ. ಆದ್ದರಿಂದ ತಿದಿ ಒತ್ತಲು ಸಮಾಧಾನದ ಕೈಯ ಹುಡುಗನೊಬ್ಬನನ್ನು ಕೂರಿಸಿ, ಒಂದೇ ಸಾಲಿನ ರೀಡು ನುಡಿಯುವಂತೆ ಸ್ಟಾಪರುಗಳನ್ನು ಮುಚ್ಚಿ, ಪ್ರತಿ ಮನೆಯನ್ನೂ ಮೂರು ಸಲ ಫೋನಿನ ಟ್ಯೂನರ್‌ನಲ್ಲಿ ನೋಡಿ ಸರಾಸರಿ ಬರೆದುಕೊಂಡೆ. ಷಡ್ಜವೇ ಇಂದಿನ ಸಿ ಶಾರ್ಪ್‌ಗಿಂತ 14 ಸೆಂಟ್ ಕೆಳಗಿತ್ತು. ಆ ಷಡ್ಜವನ್ನು ಸೊನ್ನೆ ಎಂದಿಟ್ಟುಕೊಂಡು, ಈಕ್ವಲ್‌ನ ಜಾಗದಿಂದ ಎಷ್ಟು ಸೆಂಟ್ ಮೇಲೆ ಕೆಳಗೆ ಎಂದು ಲೆಕ್ಕ ಹಾಕಿದಾಗ ಬಂದದ್ದು: ಕೋಮಲ ರಿಷಭ +9, ಶುದ್ಧ ರಿಷಭ +3, ಕೋಮಲ ಗಾಂಧಾರ +13, ಶುದ್ಧ ಗಾಂಧಾರ −12, ಮಧ್ಯಮ −1, ತೀವ್ರ ಮಧ್ಯಮ −8, ಪಂಚಮ +2, ಕೋಮಲ ಧೈವತ +12, ಶುದ್ಧ ಧೈವತ −10, ಕೋಮಲ ನಿಷಾದ −3, ಶುದ್ಧ ನಿಷಾದ −11.

ಈ ಅಂಕಿಗಳ ಮುಂದೆ ನಾನು ಬಹಳ ಹೊತ್ತು ಕೂತೆ. ಹೆಚ್ಚಿನವು ಶುದ್ಧ ಅನುಪಾತಗಳಿಗೆ ಎರಡು ಮೂರು ಸೆಂಟ್‌ನಷ್ಟು ಹತ್ತಿರದಲ್ಲಿವೆ, ಧೈವತ ಮಾತ್ರ ಇಲ್ಲ. ಗಾಂಧಾರಕ್ಕೆ ಸರಿಯಾಗಿ ಮಧ್ಯಮ ಭಾವದಲ್ಲಿ ನಿಲ್ಲಬೇಕಾದ ಧೈವತ 5:3, ಅಂದರೆ −16. ರಿಷಭಕ್ಕೆ ಪಂಚಮವಾಗಬೇಕಾದ ಧೈವತ 27:16, ಅಂದರೆ +6. ಇವೆರಡರ ನಡುವೆ 21.5 ಸೆಂಟ್ ಅಂತರ. ನಾಟ್ಯಶಾಸ್ತ್ರದಲ್ಲಿ ಭರತ ಎರಡು ವೀಣೆಗಳನ್ನಿಟ್ಟು, ಒಂದರ ಪಂಚಮವನ್ನು ಇಳಿಸಿ ತೋರಿಸುವ ಪ್ರಮಾಣ ಶ್ರುತಿಯನ್ನು ವಿದ್ವಾಂಸರು ಗುರುತಿಸುವುದೂ ಈ ಅಂತರದ ಜೊತೆಗೇ. ಆ ಕುಶಲಿಯ ಕೈಯಲ್ಲಿದ್ದದ್ದು ಒಂದೇ ರೀಡು, ಬೇಡಿಕೆ ಎರಡು ಧೈವತಗಳದ್ದು. ಆತ ಗಾಂಧಾರದ ಕಡೆಗೆ ಹೆಚ್ಚು ವಾಲಿ, ರಿಷಭದ ಕಡೆಗೆ ಸ್ವಲ್ಪ ಬಿಟ್ಟುಕೊಟ್ಟು −10ರಲ್ಲಿ ನಿಲ್ಲಿಸಿದ್ದಾರೆ. ಕಿರ್ನ್‌ಬರ್ಗರ್‌ನ ಮೂರನೆಯ ಕ್ರಮದಲ್ಲಿಯೂ ಆ ಮನೆ −10.3ರಲ್ಲಿದೆ. ದಾರಿ ಬೇರೆ ಬೇರೆಯಾದರೂ ಇಬ್ಬರೂ ಹೆಣಗಿದ್ದು ಒಂದೇ ಕೊಸರಿನ ಜೊತೆ ಎಂದು ತಿಳಿದಾಗ ನನಗೆ ಆ ಪೆಟ್ಟಿಗೆಯ ಮೇಲೆ ಗೌರವ ಇಮ್ಮಡಿಯಾಯಿತು. ಪಿಯಾನೊದೊಳಗೆ ಇಡಬೇಕಾದದ್ದು ಈ ಶ್ರುತಿಯನ್ನೇ ಎಂದು ನಿರ್ಧರಿಸಿದೆ.

ನಾಲ್ಕನೆಯ ವಾರ: ಶ್ರುತಿ ಕಳಿಸುವ ಡಬ್ಬಿ

ಷಡ್ಜವನ್ನು ಇಳಿಸುವುದು ಸುಲಭವಿತ್ತು. ಮಾಸ್ಟರ್ ಟ್ಯೂನಿಂಗ್ ಈ ವಾದ್ಯದಲ್ಲಿ 0.2 ಹರ್ಟ್ಸ್‌ನ ಹೆಜ್ಜೆಗಳಲ್ಲಿ ಸರಿಯುತ್ತದೆ, 440ರಿಂದ 436.4ಕ್ಕೆ ತಂದರೆ 14.2 ಸೆಂಟ್ ಇಳಿಯುತ್ತದೆ. ಪ್ರತಿ ಮನೆಯ ಶ್ರುತಿಯನ್ನು ಬೇರೆ ಬೇರೆಯಾಗಿ ಇಡುವ ಆಯ್ಕೆ ಮಾತ್ರ ಮೆನುವಿನಲ್ಲಿ ಇಲ್ಲ. ಕೈಪಿಡಿಯ ಕೊನೆಯಲ್ಲಿದ್ದ ಮಿಡಿ (ಎಲೆಕ್ಟ್ರಾನಿಕ್ ವಾದ್ಯಗಳು ಪರಸ್ಪರ ಸಂದೇಶ ಕಳಿಸುವ ಭಾಷೆ) ಪಟ್ಟಿಯನ್ನು ಸಾಲು ಸಾಲಾಗಿ ಓದುವಾಗ ದಾರಿ ಸಿಕ್ಕಿತು: ವಾದ್ಯವು ಮಿಡಿ ಮಾನಕದ ಸ್ಕೇಲ್ ಟ್ಯೂನಿಂಗ್ ಸಂದೇಶವನ್ನು ಸ್ವೀಕರಿಸುತ್ತದೆ. ಆ ಸಂದೇಶದಲ್ಲಿ 21 ಬೈಟ್‌ಗಳಿರುತ್ತವೆ. ಮೊದಲ ಎಂಟು ವಿಳಾಸ ಮತ್ತು ಚಾನೆಲ್‌ಗಳಿಗೆ, ನಂತರದ ಹನ್ನೆರಡು ಸಿಯಿಂದ ಬಿವರೆಗಿನ ಮನೆಗಳಿಗೆ, ಕೊನೆಯದು ಮುಕ್ತಾಯಕ್ಕೆ. ಪ್ರತಿ ಮನೆಯ ಅಂಕೆಯಲ್ಲಿ 64 ಎಂದರೆ ಈಕ್ವಲ್‌ನ ಜಾಗ. ಒಂದು ಸೆಂಟ್ ಏರಿಸಲು ಒಂದು ಕೂಡಿಸಬೇಕು, ಇಳಿಸಲು ಒಂದು ಕಳೆಯಬೇಕು. ಗುರುಗಳ ಕರಿ ಒಂದಕ್ಕೆ ಕೊನೆಗೆ ನಿಂತ ಸಂದೇಶವನ್ನು, ಬೇಕಾದವರು ಬಳಸಿಕೊಳ್ಳಲಿ ಎಂದು, ದಶಮಾನ ಅಂಕೆಗಳಲ್ಲಿ ಇಲ್ಲಿ ಕೊಡುತ್ತೇನೆ:

240 127 127 8 8 3 127 127 53 64 73 67 77 50 63 56 66 76 54 61 247

ಇದನ್ನು ಕಳಿಸಲು ಆರ್ಡುಯಿನೊ ನ್ಯಾನೊ ಎಂಬ, ಪ್ರೋಗ್ರಾಂ ತುಂಬಬಹುದಾದ ಪುಟ್ಟ ಬೋರ್ಡು, ಐದು ಪಿನ್ನಿನ ಮಿಡಿ ಸಾಕೆಟ್ಟು, ಹನ್ನೆರಡು ಸ್ಥಾನಗಳ ರೋಟರಿ ಸ್ವಿಚ್ಚು, ಮೂರು ಗುಂಡಿಗಳು ಸಾಕಾದವು. ಸಾಕೆಟ್ಟಿನ 4ನೆಯ ಪಿನ್ನಿಗೆ 220 ಓಮ್ ಮೂಲಕ 5 ವೋಲ್ಟ್, 5ನೆಯ ಪಿನ್ನಿಗೆ ಇನ್ನೊಂದು 220 ಓಮ್ ಮೂಲಕ ಬೋರ್ಡಿನ ಟಿಎಕ್ಸ್ (ದತ್ತಾಂಶ ಕಳಿಸುವ ಪಿನ್ನು), ನಡುವಿನ 2ನೆಯದಕ್ಕೆ ಗ್ರೌಂಡ್. ಸೀರಿಯಲ್ ವೇಗ ಸೆಕೆಂಡಿಗೆ 31,250 ಬಿಟ್. ಇಡೀ ಸಂದೇಶ ಏಳು ಮಿಲಿಸೆಕೆಂಡಿನೊಳಗೆ ತಲುಪಿಬಿಡುತ್ತದೆ. ಪ್ರೋಗ್ರಾಂ ತುಂಬುವಾಗ ಮಿಡಿ ಕೇಬಲ್ ಕಿತ್ತಿಟ್ಟಿರಬೇಕು, ಇಲ್ಲದಿದ್ದರೆ ಆ ದತ್ತಾಂಶವೂ ಪಿಯಾನೊಗೆ ಹರಿದುಹೋಗುತ್ತದೆ.

ರೋಟರಿ ಸ್ವಿಚ್ಚು ಷಡ್ಜವನ್ನು ಆರಿಸುವುದಕ್ಕೆ. ಹನ್ನೊಂದು 1 ಕಿಲೊ ಓಮ್ ರೆಸಿಸ್ಟರುಗಳನ್ನು ಸಾಲಾಗಿ ಗ್ರೌಂಡ್ ಮತ್ತು 5 ವೋಲ್ಟ್ ನಡುವೆ ಕಟ್ಟಿ, ಅವುಗಳ ಹನ್ನೆರಡು ಸಂಧಿಗಳನ್ನು ಸ್ವಿಚ್ಚಿನ ಹನ್ನೆರಡು ಕಾಲುಗಳಿಗೆ ಬೆಸೆದು, ನಡುವಿನ ಕಾಲನ್ನು ಬೋರ್ಡಿನ ಅನಲಾಗ್ ಪಿನ್ನಿಗೆ ಕೊಟ್ಟೆ. 0ರಿಂದ 1023ರವರೆಗಿನ ಓದಿನಲ್ಲಿ ಒಂದೊಂದು ಸ್ಥಾನಕ್ಕೆ 93ರ ಹೆಜ್ಜೆ ಬರುತ್ತದೆ. ಸ್ವಿಚ್ಚು ಒಂದು ಕಾಲಿನಿಂದ ಇನ್ನೊಂದಕ್ಕೆ ಜಿಗಿಯುವ ಗಳಿಗೆಯಲ್ಲಿ ಪಿನ್ನು ಯಾವುದಕ್ಕೂ ತಾಗದೆ ಇರುವುದರಿಂದ ಅಡ್ಡಾದಿಡ್ಡಿ ಅಂಕೆಗಳು ಬಂದವು. 300 ಮಿಲಿಸೆಕೆಂಡು ಒಂದೇ ಓದು ಸ್ಥಿರವಾಗಿದ್ದರೆ ಮಾತ್ರ ಸಂದೇಶ ಕಳಿಸುವಂತೆ ಮಾಡಿದ ಮೇಲೆ ನಿಂತಿತು.

ಶ್ರುತಿಯ ಪಟ್ಟಿಯನ್ನು ನಾನು ಷಡ್ಜದಿಂದ ಆರಂಭಿಸಿ ಬರೆದಿಟ್ಟಿದ್ದೇನೆ. ಸಂದೇಶದ ಪಟ್ಟಿ ಸಿಯಿಂದ ಆರಂಭವಾಗುತ್ತದೆ. ಆದ್ದರಿಂದ ಷಡ್ಜ ಸಿಯಿಂದ ಎಷ್ಟು ಮನೆ ಮುಂದಿದೆಯೋ ಅಷ್ಟು ಸ್ಥಾನ ಮುಂದಕ್ಕೆ ಪಟ್ಟಿಯನ್ನು ಸುತ್ತಿಸಬೇಕು. ಮೊದಲ ಸಲ ನಾನು ಹಿಂದಕ್ಕೆ ಸುತ್ತಿಸಿದ್ದೆ. ಧೈವತದ −10 ಪಂಚಮದ ಮನೆಗೆ ಬಂದು ಬಿದ್ದು, ತಂಬೂರಿಯ ಜೊತೆ ಪಂಚಮ ಸೆಕೆಂಡಿಗೆ ಸುಮಾರು ಮೂರು ಸಲ ಬಡಿಯತೊಡಗಿದಾಗ ತಪ್ಪು ಎಲ್ಲಿದೆಯೆಂದು ತಿಳಿಯಿತು. ಇಂಥ ಕೆಲಸ ಮಾಡುವವರು ಪರೀಕ್ಷೆಗೆ ಮೊದಲು ಒತ್ತಬೇಕಾದದ್ದು ಪಂಚಮವನ್ನೇ. ಅದು ಶುದ್ಧವಾಗಿ ನಿಲ್ಲದಿದ್ದರೆ ಮಿಕ್ಕ ಅಂಕೆಗಳನ್ನು ನೋಡುವ ಮೊದಲು ಸುತ್ತಿಸಿದ ದಿಕ್ಕನ್ನು ನೋಡಬೇಕು.

ಟ್ರಾನ್ಸ್‌ಪೋಸ್ ವಿಷಯದಲ್ಲೂ, ಅಂದರೆ ಒತ್ತಿದ ಮನೆಯಿಂದ ಬೇರೆ ಮನೆಯ ಸ್ವರ ಹೊರಡಿಸುವ ಸೌಲಭ್ಯದಲ್ಲೂ, ಇಂಥದೇ ಎಚ್ಚರ ಬೇಕು. ಕೆಲವು ಮಕ್ಕಳು ಬಿಳಿ ಒಂದರಿಂದಲೇ, ಅಂದರೆ ಸಿಯಿಂದಲೇ, ಬೆರಳು ಕಲಿತಿರುತ್ತಾರೆ, ಟ್ರಾನ್ಸ್‌ಪೋಸ್ ಅನ್ನು +1ಕ್ಕೆ ಇಟ್ಟು ಕರಿ ಒಂದರ ಧ್ವನಿ ಪಡೆಯುತ್ತಾರೆ. ಈ ವಾದ್ಯದಲ್ಲಿ ಶ್ರುತಿಯ ಪಟ್ಟಿ ಅನ್ವಯವಾಗುವುದು ಹೊರಡುವ ಸ್ವರಕ್ಕೆ, ಬೆರಳು ಒತ್ತಿದ ಮನೆಗಲ್ಲ. ಆದ್ದರಿಂದ ಅವರು ನುಡಿಸುವಾಗಲೂ ಡಬ್ಬಿಯ ಸ್ವಿಚ್ಚು ಸಿ ಶಾರ್ಪ್‌ನಲ್ಲೇ ಇರಬೇಕು. ಬೇರೆ ವಾದ್ಯಗಳಲ್ಲಿ ಯಾವ ಬಗೆ ಎಂಬುದನ್ನು ತಂಬೂರಿಯ ಜೊತೆ ಗಾಂಧಾರ ಒತ್ತಿ ಕೇಳಿ ತಿಳಿದುಕೊಳ್ಳಬಹುದು. ಮೆನುವಿನ ಸ್ಕೇಲ್ ಮತ್ತು ಡಬ್ಬಿಯ ಸಂದೇಶ ಎರಡೂ ಒಂದೇ ಪಟ್ಟಿಯನ್ನು ತಿದ್ದುವುದರಿಂದ ಕೊನೆಯಲ್ಲಿ ಬಂದದ್ದು ಉಳಿಯುತ್ತದೆ. ಡಬ್ಬಿ ಬಳಸುವವರು ಮೆನುವನ್ನು ಮುಟ್ಟಬಾರದು.

ಐದನೆಯ ವಾರ: ಕೂಡಿಸಿದ ದಿನ

ಭಾನುವಾರ ಬೆಳಿಗ್ಗೆ ಗುರುಗಳ ಮನೆಯಲ್ಲಿ ಡಬ್ಬಿಯನ್ನು ಪಿಯಾನೊದ ಕೆಳಗೆ ಕಟ್ಟಿದೆ. ಎರಡಕ್ಕೂ ಒಂದೇ ಸ್ವಿಚ್ಚಿನಿಂದ ವಿದ್ಯುತ್ ಕೊಟ್ಟಾಗ ಶ್ರುತಿ ಬದಲಾಗಲೇ ಇಲ್ಲ. ನ್ಯಾನೊ ಎರಡೇ ಸೆಕೆಂಡಿನಲ್ಲಿ ಎದ್ದು ಸಂದೇಶ ಕಳಿಸಿಬಿಡುತ್ತಿತ್ತು, ಪಿಯಾನೊ ಇನ್ನೂ ಕಣ್ಣು ಬಿಟ್ಟಿರುತ್ತಿರಲಿಲ್ಲ. ಎಂಟು ಸೆಕೆಂಡು ಕಾಯುವಂತೆ ತಿದ್ದಿದೆ.

ಹಾರ್ಮೋನಿಯಂನಿಂದ ತೆಗೆದ ಪಟ್ಟಿಯನ್ನು ಇದ್ದಂತೆಯೇ ಹಾಕಿ ಗುರುಗಳಿಗೆ ಕೇಳಿಸಿದೆ. ತಂಬೂರಿಯನ್ನು ಅವರೇ ಹೊಸ ಷಡ್ಜಕ್ಕೆ ಇಳಿಸಿ, ದಾರ ಸರಿಸಿ ಜವಾರಿ ತೆರೆದರು. ಗಾಂಧಾರದಲ್ಲಿ ನಿಂತು ಬಹಳ ಹೊತ್ತು ಕೇಳಿ, "ಸ್ವಲ್ಪ ತೂಗ್ತೈತೆ," ಎಂದು ಬೆರಳನ್ನು ಗಾಳಿಯಲ್ಲಿ ನಿಧಾನವಾಗಿ ಆಡಿಸಿ ತೋರಿಸಿದರು. ಆ ಬೆರಳು ಒಂದೂವರೆ ಸೆಕೆಂಡಿಗೊಮ್ಮೆ ಆಚೆ ಈಚೆ ಹೋಗುತ್ತಿತ್ತು. −12ಕ್ಕೂ ಶುದ್ಧ ಗಾಂಧಾರದ −13.7ಕ್ಕೂ ಇರುವ ವ್ಯತ್ಯಾಸ ಕೊಡಬೇಕಾದ ಬಡಿತ ಲೆಕ್ಕದಲ್ಲಿಯೂ ಸರಿಯಾಗಿ ಅಷ್ಟೇ. ಲ್ಯಾಪ್‌ಟಾಪ್ ತೆರೆದು ಅದೊಂದು ಅಂಕೆಯನ್ನು −14 ಮಾಡಿ ಮತ್ತೆ ಕಳಿಸಿದೆ. ಅವರ ಬೆರಳು ನಿಂತಿತು. ಧೈವತವನ್ನೂ ಶುದ್ಧ ಮಾಡಲೇ ಎಂದು ಕೇಳಿದೆ. ಅದು ಹಾಗೇ ಇರಲಿ, ಕೈಗೆ ಗೊತ್ತಿರುವ ಧೈವತ ಅದು ಎಂದರು.

ಹೀಗಾಗಿ ಮೊದಲ ಗುಂಡಿಯಲ್ಲಿ ಪೇಟಿಯ ಶ್ರುತಿ ಉಳಿಯಿತು. ಎರಡನೆಯದರಲ್ಲಿ ಶುದ್ಧ ಅನುಪಾತಗಳ ಪಟ್ಟಿ ಇಟ್ಟಿದ್ದೇನೆ, ಧೈವತ −16, ಕೋಮಲ ರಿಷಭ +12. ಅದರಲ್ಲಿ ಕೋಮಲ ನಿಷಾದ 9:5ರ +18. ಪೇಟಿಯ ಕೋಮಲ ನಿಷಾದ ಮಧ್ಯಮಕ್ಕೆ ಹೊಂದುವಂಥದು, ಇದು ಪಂಚಮಕ್ಕೆ ಹೊಂದುವಂಥದು. ಎರಡನ್ನೂ ಕೇಳಿ ಹೋಲಿಸಲು ಮಕ್ಕಳಿಗೆ ಅವಕಾಶವಾಗಲಿ ಎಂದು ಬೇರೆ ಬೇರೆ ಇಟ್ಟೆ. ಮೂರನೆಯ ಗುಂಡಿ ಹನ್ನೆರಡೂ ಅಂಕೆಗಳನ್ನು 64 ಮಾಡುತ್ತದೆ. ಗಿಟಾರ್ ತರುವ ಹುಡುಗರು ಜೊತೆಗೂಡಿದಾಗ ಅದು ಬೇಕಾಗುತ್ತದೆ. ಅವರ ಗಿಟಾರಿನ ಮೆಟ್ಟಿಲುಗಳು ಈಕ್ವಲ್‌ನಲ್ಲೇ ಇರುತ್ತವೆ, ತಂತಿಗಳನ್ನು ಮಾತ್ರ ನಮ್ಮ 436.4ಕ್ಕೆ ಇಳಿಸಿಕೊಳ್ಳಬೇಕು.

ಸಂಜೆ ಪಾಠದ ನಡುವೆ ಕರೆಂಟು ಹೋಯಿತು. ಮಕ್ಕಳು ತಂಬೂರಿಯ ಜೊತೆಗೇ ಹಾಡು ಮುಂದುವರಿಸಿದರು. ಹತ್ತು ನಿಮಿಷದ ಮೇಲೆ ಬಂದಾಗ ಪಿಯಾನೊದ ಕೆಂಪು ಅಂಕೆಗಳು ಹೊತ್ತಿದವು, ಮಾಸ್ಟರ್ ಟ್ಯೂನಿಂಗ್ 436.4ರಲ್ಲೇ ಇತ್ತು. ಎಂಟು ಸೆಕೆಂಡಿಗೆ ಡಬ್ಬಿಯ ಹಸಿರು ದೀಪ ಒಮ್ಮೆ ಮಿಟುಕಿತು, ಗುರುಗಳು ಗಾಂಧಾರ ಒತ್ತಿ ನೋಡಿ ತಲೆಯಾಡಿಸಿದರು. ಆಮೇಲೆ ಕರಿ ನಾಲ್ಕರಲ್ಲಿ ಹಾಡುವ ಹುಡುಗಿಯ ಸರದಿ ಬಂತು. ಹೆಣ್ಣುಮಕ್ಕಳಿಗಾಗಿ ಇಟ್ಟಿರುವ ಚಿಕ್ಕ ತಂಬೂರಿಯನ್ನು ಅವಳು ತೆಗೆದುಕೊಂಡು ಕೂತಳು, ಗುರುಗಳು ಬಗ್ಗಿ ರೋಟರಿ ಸ್ವಿಚ್ಚನ್ನು ಏಳು ಮೆಟ್ಟಿಲು ತಿರುಗಿಸಿದರು, ಅದುವರೆಗೆ ಅವರ ಪಂಚಮವಾಗಿದ್ದ ಮನೆಯಿಂದ ಅವಳು ಷಡ್ಜ ಹಿಡಿದಳು.